‘ಫೋರ್ಸ್ ಮೇಜರ್’ ಅಲ್ಲ, ‘ಫೋರ್ಸ್ ಮಝರ್’

ನಮ್ಮ ಸದಸ್ಯರಲ್ಲನೇಕರು ಸಹಿ ಹಾಕುವ ಸರಬರಾಜು ಒಪ್ಪಂದಗಳ ಕೊನೆಯ ಪುಟಗಳಲ್ಲಿ ಫ್ರೆಂಚ್ ಮೂಲದ ಪದಜೋಡಿಯೊಂದು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಓದಿ ಹೇಳುವಾಗ ಮಾತ್ರ ‘ಫೋರ್ಸ್ ಮೇಜರ್’, ‘ಫೋರ್ಸ್ ಮೆಜ್ಯೂರ್’, ‘ಫೋರ್ಸ್ ಮಜೂರೆ’ ಎಂದು ಬಾಯಿಗೊಂದು ರೂಪ.

ಉಚ್ಚಾರ ಕಠಿಣವೇನಲ್ಲ. ಮೊದಲನೆಯದು ಪರಿಚಿತವಾದ ‘ಫೋರ್ಸ್’. ಎರಡನೆಯ ಪದದ ನಡುವಿನ ವ್ಯಂಜನವೇ ತೊಡಕಿನದು. ಅದು ನಮ್ಮ ಜಕಾರವಲ್ಲ. ಶಕಾರವನ್ನು ನುಡಿಯುತ್ತಲೇ ಕಂಠದ ನಾದವನ್ನು ಸೇರಿಸಿದರೆ ಹೊರಡುವ ಧ್ವನಿ ಅದು. ‘ಟೆಲಿವಿಷನ್’ ಎನ್ನುವಾಗ ಆಂಗ್ಲರ ಬಾಯಲ್ಲಿ ಕೇಳುವುದೂ ಅದೇ. ಕನ್ನಡದಲ್ಲಿ ಅದಕ್ಕೆ ಅಕ್ಷರವಿಲ್ಲದ ಕಾರಣ ‘ಝ’ ಎಂದು ಬರೆದಿದ್ದೇನೆ. ‘ಝರಿ’ಯ ಮಹಾಪ್ರಾಣ ಬೇಡ. ಒತ್ತು ಎರಡನೆಯ ಭಾಗದ ಮೇಲೆ, ತುಸು ಎಳೆದು: ಮ-ಝರ್.

ಇದರರ್ಥ ‘ಮೀರಲಾಗದ ಬಲ’. 1804ರ ಫ್ರಾನ್ಸಿನ ನಾಗರಿಕ ಸಂಹಿತೆಯಲ್ಲಿಯೇ ಈ ಪದವಿದೆ. ‘ಮೇಜರ್’ ಎನ್ನುವವರು ಅರ್ಥದಲ್ಲಿ ಬಹುದೂರ ಹೋದವರಲ್ಲ. ಎರಡಕ್ಕೂ ಲ್ಯಾಟಿನ್ ಮೂಲ ಒಂದೇ.

ಉಚ್ಚಾರದಿಂದ ವ್ಯಾಪಾರಕ್ಕೇನು ನಷ್ಟ ಎನ್ನಬಹುದು. ನನಗೆ ಪರಿಚಿತರಾದ ಯಂತ್ರಭಾಗ ತಯಾರಕರೊಬ್ಬರಿಗೆ 2020ರ ಮಾರ್ಚ್ ಆರಂಭದಲ್ಲಿ ವಿದೇಶದ ಖರೀದಿದಾರರಿಂದ ದೂರವಾಣಿ ಕರೆ ಬಂದಿತು. ‘ಮಝರ್’ ಎಂದುದು ಇವರಿಗೆ ‘ಮೆಷರ್’ ಎಂದು ಕೇಳಿಸಿತು. ಏನೋ ಮುನ್ನೆಚ್ಚರಿಕೆಯ ಕ್ರಮವಿರಬೇಕೆಂದು ತಿಳಿದು ‘ಆಗಲಿ’ ಎಂದರು, ಕೆಲಸವನ್ನೂ ಮುಂದುವರಿಸಿದರು. ಸರಕು ಬೇಡವೆಂಬ ಪತ್ರ ಕೈಸೇರುವ ಹೊತ್ತಿಗೆ ಇನ್ನೊಂದು ವಾರದ ಉತ್ಪನ್ನ ಉಗ್ರಾಣ ಸೇರಿತ್ತು. ಅವರು ನಿತ್ಯ ಕೇಳುತ್ತಿದ್ದುದು, ಹೇಳುತ್ತಿದ್ದುದು ‘ಮೇಜರ್’!

ನಮ್ಮ 1872ರ ಕರಾರು ಅಧಿನಿಯಮದಲ್ಲಿ ಈ ಪದವಿಲ್ಲ. ನೆರವೇರಿಸಲು ಅಸಾಧ್ಯವಾದ ಕರಾರು ಅನೂರ್ಜಿತವೆಂದು 56ನೇ ಪ್ರಕರಣ ಹೇಳುತ್ತದೆ. ಒಪ್ಪಂದದಲ್ಲಿಯೇ ಇಂತಹ ಷರತ್ತು ಇದ್ದರೆ ಅದರ ಶಬ್ದಗಳೇ ಮುಖ್ಯ. ಆದುದರಿಂದ ಯಾವ ಯಾವ ಘಟನೆಗಳನ್ನು ಅದರಲ್ಲಿ ಹೆಸರಿಸಿದೆ, ಎಷ್ಟು ದಿನಗಳೊಳಗೆ ಲಿಖಿತ ಸೂಚನೆ ಕೊಡಬೇಕು ಎಂಬುದನ್ನು ಸಹಿಗೆ ಮೊದಲೇ ನೋಡತಕ್ಕದ್ದು. ಕೊರೊನಾದಿಂದ ಸರಬರಾಜು ಸರಪಳಿ ಕಡಿದುದನ್ನು ನೈಸರ್ಗಿಕ ವಿಕೋಪವೆಂದೆಣಿಸಿ ಈ ಷರತ್ತನ್ನು ಬಳಸಬಹುದೆಂದು ಕೇಂದ್ರ ಹಣಕಾಸು ಸಚಿವಾಲಯ 2020ರ ಫೆಬ್ರವರಿ 19ರಂದು ಸರ್ಕಾರಿ ಖರೀದಿಗಳ ಬಗ್ಗೆ ಸ್ಪಷ್ಟಪಡಿಸಿತ್ತು.

ಕಚ್ಚಾಮಾಲಿನ ಬೆಲೆ ಏರಿತೆಂದು ಇದರ ಮೊರೆಹೋಗುವವರಿದ್ದಾರೆ. ಇಂಡೋನೇಷ್ಯಾದ ಕಲ್ಲಿದ್ದಲು ತುಟ್ಟಿಯಾದುದನ್ನೇ ಮುಂದಿಟ್ಟ ವಿದ್ಯುತ್ ಕಂಪನಿಗಳ ವಾದವನ್ನು ಸರ್ವೋಚ್ಚ ನ್ಯಾಯಾಲಯವು 2017ರಲ್ಲಿ ಒಪ್ಪಲಿಲ್ಲ.