ವಸತಿ ಯೋಜನೆಗಳು ಮತ್ತು ವಾಸಸ್ಥಳದ ಬದಲಾವಣೆ (ಕಲಬುರಗಿ ಜಿಲ್ಲೆ)

ಒಂದು ಊರಿನಿಂದ ಇನ್ನೊಂದು ಊರಿಗೆ ನೆಲೆ ಬದಲಿಸಿದ ವಸತಿರಹಿತ ಕುಟುಂಬವು ಹೊಸ ಊರಿನಲ್ಲಿ ಸರ್ಕಾರಿ ಮನೆ ಅಥವಾ ನಿವೇಶನಕ್ಕೆ ಅರ್ಜಿ ಸಲ್ಲಿಸುವ ಕ್ರಮವನ್ನು ಈ ಲೇಖನವು ಕಲಬುರಗಿ ನಗರ ಮತ್ತು ಕಮಲಾಪುರ ತಾಲ್ಲೂಕನ್ನು ಆಧರಿಸಿ ವಿವರಿಸುತ್ತದೆ. ಗ್ರಾಮೀಣ ಹಾಗೂ ನಗರ ವಸತಿ ಯೋಜನೆಗಳ ಪಟ್ಟಿಗಳು ಬೇರೆ ಬೇರೆಯಾಗಿರುವುದರಿಂದ, ಹಳ್ಳಿಯಲ್ಲಿ ಕಾದ ವರ್ಷಗಳು ನಗರದ ಸರದಿಗೆ ಸೇರುವುದಿಲ್ಲ.

ಹಿನ್ನೆಲೆ

ಕಲಬುರಗಿಯಿಂದ ಹುಮನಾಬಾದ್ ಕಡೆಗೆ ಹೋಗುವ ಹೆದ್ದಾರಿಯಲ್ಲಿರುವ ಕಮಲಾಪುರವು ಕೆಂಪು ಬಾಳೆಗೆ ಹೆಸರಾದ ಊರು. ಮೊದಲು ಕಲಬುರಗಿ ತಾಲ್ಲೂಕಿನಲ್ಲಿದ್ದ ಇದು 2018ರಲ್ಲಿ ಕಾಳಗಿ, ಶಹಾಬಾದ್, ಯಡ್ರಾಮಿಗಳ ಜೊತೆಗೆ ಪ್ರತ್ಯೇಕ ತಾಲ್ಲೂಕು ಕೇಂದ್ರವಾಯಿತು. ಮಳೆಯಾಶ್ರಿತ ಬೇಸಾಯದ ಈ ಭಾಗದ ಹಳ್ಳಿ ಮತ್ತು ತಾಂಡಾಗಳಿಂದ ಕೂಲಿಗಾಗಿ ಕಲಬುರಗಿ, ಹೈದರಾಬಾದ್, ಪುಣೆ, ಮುಂಬಯಿಗಳಿಗೆ ಹೋಗುವುದು ಹಳೆಯ ರೂಢಿ. ಇದನ್ನು ಗುಳೆ ಎನ್ನುತ್ತಾರೆ. ಗುಳೆ ಹೋದವರಲ್ಲಿ ಕೆಲವರು ಹಿಂತಿರುಗದೆ ನಗರದಲ್ಲಿಯೇ ನೆಲೆಸುತ್ತಾರೆ. ವಸತಿಯ ತೊಡಕು ಆರಂಭವಾಗುವುದು ಅಲ್ಲಿಂದ.

ಗ್ರಾಮದ ಪಟ್ಟಿ

ಗ್ರಾಮಾಂತರದಲ್ಲಿ ರಾಜ್ಯದ ಬಸವ ವಸತಿ ಯೋಜನೆ, ಡಾ. ಬಿ. ಆರ್. ಅಂಬೇಡ್ಕರ್ ನಿವಾಸ ಯೋಜನೆ ಮುಂತಾದವುಗಳ ಫಲಾನುಭವಿಗಳನ್ನು ಗ್ರಾಮಸಭೆಯ ಮೂಲಕ ಆರಿಸಲಾಗುತ್ತದೆ. 2000ದಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮವು ಇವುಗಳ ಅನುಷ್ಠಾನ ಸಂಸ್ಥೆ. ಹೆಸರಿನಲ್ಲಿ ‘ಗ್ರಾಮೀಣ’ ಎಂದಿದ್ದರೂ ನಗರದ ವಾಜಪೇಯಿ ವಸತಿ ಯೋಜನೆಯನ್ನೂ ಇದೇ ನಿಗಮ ನೋಡಿಕೊಳ್ಳುತ್ತದೆ. ಕೇಂದ್ರದ ಪ್ರಧಾನಮಂತ್ರಿ ಆವಾಸ್ ಯೋಜನೆಯ (ಗ್ರಾಮೀಣ) ಪಟ್ಟಿಯು 2011ರ ಸಾಮಾಜಿಕ, ಆರ್ಥಿಕ ಮತ್ತು ಜಾತಿ ಗಣತಿಯನ್ನೂ ನಂತರದ ಆವಾಸ್ ಪ್ಲಸ್ ಸಮೀಕ್ಷೆಯನ್ನೂ ಆಧರಿಸಿದೆ. ಬಯಲು ಪ್ರದೇಶದಲ್ಲಿ ಕನಿಷ್ಠ 25 ಚದರ ಮೀಟರ್ ಮನೆಗೆ 1.20 ಲಕ್ಷ ರೂಪಾಯಿ ನೆರವನ್ನು ಇದು ನಿಗದಿಪಡಿಸಿತ್ತು.

ಇವೆಲ್ಲವೂ ಕುಟುಂಬವು ಊರಿನಲ್ಲಿದೆ ಎಂಬ ಎಣಿಕೆಯ ಮೇಲೆ ನಿಂತಿವೆ. ಸಮೀಕ್ಷೆಯ ದಿನ ಬೀಗ ಹಾಕಿದ್ದ ಮನೆಯವರು ಪಟ್ಟಿಯಿಂದ ಹೊರಗುಳಿಯಬಹುದು. ಶಾಶ್ವತವಾಗಿ ವಲಸೆ ಹೋದವರೆಂದು ದಾಖಲಾದರೆ ಇದ್ದ ಹೆಸರೂ ಹೋಗಬಹುದು. ಆರು ತಿಂಗಳು ಗುಳೆ ಹೋದವರನ್ನೂ ಊರು ಬಿಟ್ಟವರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಈ ಭೇದವನ್ನು ಬಲ್ಲವರು ಊರಿನವರೇ ಆದುದರಿಂದ ಅದನ್ನು ಎತ್ತಿ ಹೇಳಲು ತಕ್ಕ ಸ್ಥಳ ಗ್ರಾಮಸಭೆ.

ನಗರದಲ್ಲಿ ಅರ್ಜಿ

ನಗರದಲ್ಲಿ ರಾಜ್ಯ ಯೋಜನೆಗಳ ಆಯ್ಕೆಯನ್ನು ಸ್ಥಳೀಯ ಶಾಸಕರ ಅಧ್ಯಕ್ಷತೆಯ ಆಶ್ರಯ ಸಮಿತಿ ಮಾಡುತ್ತದೆ. ಅರ್ಜಿಯನ್ನು ಮಹಾನಗರ ಪಾಲಿಕೆಯ ಮೂಲಕ ಸಲ್ಲಿಸಬೇಕು. ಘೋಷಿತ ಕೊಳೆಗೇರಿಗಳಲ್ಲಿ ವಾಸಿಸುವವರಿಗೆ ಮನೆ ಕಟ್ಟಿಸುವ ಸಂಸ್ಥೆ ಬೇರೆ: 1973ರ ಅಧಿನಿಯಮದಡಿಯ ಕರ್ನಾಟಕ ಕೊಳಗೇರಿ ಅಭಿವೃದ್ಧಿ ಮಂಡಳಿ.

2015ರ ಜೂನ್ 25ರಂದು ಆರಂಭವಾದ ಪ್ರಧಾನಮಂತ್ರಿ ಆವಾಸ್ ಯೋಜನೆಯ (ನಗರ) ಪ್ರಕಾರ ಅರ್ಜಿದಾರ ಕುಟುಂಬಕ್ಕೆ ಭಾರತದ ಯಾವ ಭಾಗದಲ್ಲಿಯೂ ಪಕ್ಕಾ ಮನೆ ಇರಬಾರದು. ಹೀಗಾಗಿ ಕಮಲಾಪುರದ ಹಳ್ಳಿಯಲ್ಲಿ ತಂದೆಯ ಹೆಸರಿನಲ್ಲಿ ಮನೆಯಿದ್ದರೆ ಮಗ ಅನರ್ಹನೇ ಎಂಬ ಪ್ರಶ್ನೆ ಹುಟ್ಟುತ್ತದೆ. ಯೋಜನೆಯಲ್ಲಿ ಕುಟುಂಬವೆಂದರೆ ಪತಿ, ಪತ್ನಿ ಮತ್ತು ಅವಿವಾಹಿತ ಮಕ್ಕಳು. ಆದುದರಿಂದ ಮದುವೆಯಾಗಿ ಬೇರೆ ಸಂಸಾರ ಹೂಡಿದ ಮಗನನ್ನು ಪ್ರತ್ಯೇಕ ಕುಟುಂಬವಾಗಿ ಪರಿಗಣಿಸಲಾಗುತ್ತದೆ. 2024ರ ಎರಡನೆಯ ಹಂತದಲ್ಲಿ, ಹಿಂದಿನ 20 ವರ್ಷಗಳಲ್ಲಿ ಯಾವುದೇ ಸರ್ಕಾರಿ ವಸತಿ ಯೋಜನೆಯ ಲಾಭ ಪಡೆದವರನ್ನು ಹೊರಗಿಡಲಾಗಿದೆ. ಹಳ್ಳಿಯಲ್ಲಿ ಅರ್ಧಕ್ಕೆ ನಿಂತ ಮನೆಗೆ ಒಂದು ಕಂತು ಪಡೆದಿದ್ದರೂ ಅದನ್ನು ಮುಚ್ಚಿಡದೆ ತಿಳಿಸುವುದು ಕ್ಷೇಮ.

ಸ್ವಂತ ಜಾಗದಲ್ಲಿ ಮನೆ ಕಟ್ಟಿಕೊಳ್ಳುವ ವಿಭಾಗಕ್ಕೆ ನಿವೇಶನದ ದಾಖಲೆ ಬೇಕು. ಬಾಡಿಗೆಯ ಕೋಣೆಯಲ್ಲಿರುವ ವಲಸಿಗರಿಗೆ ಇದು ದೊಡ್ಡ ಅಡ್ಡಿ. ಅವರಿಗೆ ಉಳಿಯುವುದು ಪಾಲುದಾರಿಕೆಯ ಗುಂಪು ಮನೆಗಳು, ಇಲ್ಲವೇ ಕೈಗೆಟಕುವ ಬಾಡಿಗೆ ಮನೆಗಳ ವಿಭಾಗ.

ವಿಳಾಸದ ದಾಖಲೆಗಳು

ಆಧಾರ್, ಪಡಿತರ ಚೀಟಿ, ಮತದಾರರ ಪಟ್ಟಿ, ಜಾತಿ ಮತ್ತು ಆದಾಯ ಪ್ರಮಾಣಪತ್ರಗಳಲ್ಲಿ ವಿಳಾಸವು ಒಂದೇ ಆಗಿರುವುದು ಅಗತ್ಯ. ‘ಒಂದು ರಾಷ್ಟ್ರ, ಒಂದು ಪಡಿತರ ಚೀಟಿ’ ವ್ಯವಸ್ಥೆಯಿಂದ ಹಳ್ಳಿಯ ಚೀಟಿಗೆ ನಗರದಲ್ಲಿಯೂ ಅಕ್ಕಿ ದೊರೆಯುವುದರಿಂದ ಅನೇಕರು ವಿಳಾಸ ಬದಲಿಸುವ ಗೋಜಿಗೇ ಹೋಗುವುದಿಲ್ಲ. ಅಕ್ಕಿ ಬೆನ್ನಟ್ಟಿ ಬರುತ್ತದೆ, ಮನೆ ಬರುವುದಿಲ್ಲ. ಮತದಾರರ ಪಟ್ಟಿಯಲ್ಲಿ ಸ್ಥಳ ಬದಲಾವಣೆಗೆ ನಮೂನೆ 8 ಬಳಸಬೇಕು. ಆದಾಯ ಪ್ರಮಾಣಪತ್ರ ನಾಡಕಚೇರಿಯಲ್ಲಿ ದೊರೆಯುತ್ತದೆ. ವಿಳಾಸ ಬದಲಿಸುವ ಮುನ್ನ ಹಳ್ಳಿಯ ಪಟ್ಟಿಯಲ್ಲಿ ಹೆಸರಿದೆಯೇ, ಮಂಜೂರಾತಿ ಸಮೀಪಿಸಿದೆಯೇ ಎಂದು ಪಂಚಾಯತಿಯಲ್ಲಿ ವಿಚಾರಿಸಬೇಕು. ಇಲ್ಲವಾದರೆ ಎರಡೂ ಕಡೆ ಹೆಸರಿಲ್ಲದಂತಾಗುತ್ತದೆ. 371(ಜೆ) ವಿಧಿಯ ಅರ್ಹತಾ ಪ್ರಮಾಣಪತ್ರವು ಶಿಕ್ಷಣ ಮತ್ತು ಉದ್ಯೋಗಕ್ಕೆ ಸಂಬಂಧಿಸಿದ್ದು, ವಸತಿ ಪಟ್ಟಿಯಲ್ಲಿ ಸ್ಥಾನ ಕೊಡುವುದಿಲ್ಲ.

ತಾಂಡಾಗಳ ಹಕ್ಕುಪತ್ರ

ಕಂದಾಯ ಗ್ರಾಮಗಳಾಗಿರದ ತಾಂಡಾಗಳ ನಿವಾಸಿಗಳಿಗೆ ತಾವಿರುವ ಜಾಗದ ದಾಖಲೆಯೇ ಇರಲಿಲ್ಲ. 2023ರ ಜನವರಿ 19ರಂದು ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ, ಐದು ಜಿಲ್ಲೆಗಳ ಸುಮಾರು 50 ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ವಿತರಣೆಗೆ ಚಾಲನೆ ನೀಡಲಾಯಿತು. ಹಕ್ಕುಪತ್ರವು ನೆಲೆಗೆ ಭದ್ರತೆ ಕೊಡುತ್ತದೆ, ಆದರೆ ಅದು ಆ ಜಾಗಕ್ಕಷ್ಟೇ ಸಂಬಂಧಿಸಿದ್ದು.

ಹೋಲಿಕೆ

ಇಂಗ್ಲೆಂಡಿನಲ್ಲಿಯೂ ಸ್ಥಳದ ನಿರ್ಬಂಧವಿದೆ. ಅಲ್ಲಿನ 1996ರ ವಸತಿ ಅಧಿನಿಯಮವು ‘ಸ್ಥಳೀಯ ಸಂಬಂಧ’ವನ್ನು ವಾಸ, ಉದ್ಯೋಗ ಮತ್ತು ಬಂಧುತ್ವಗಳಿಂದ ನಿರ್ಧರಿಸುತ್ತದೆ. ಸಾಮಾಜಿಕ ವಸತಿಯ ಬಾಡಿಗೆದಾರರು ಒಪ್ಪಿಗೆ ಪಡೆದು ಬೇರೆ ಊರಿನವರೊಡನೆ ಮನೆ ಅದಲುಬದಲು ಮಾಡಿಕೊಳ್ಳಲೂ ಅವಕಾಶವಿದೆ. ಕರ್ನಾಟಕದ ಯೋಜನೆಗಳು ಬಹುಪಾಲು ಬಾಡಿಗೆಯ ಬದಲು ಒಡೆತನವನ್ನು ಕೊಡುವುದರಿಂದ ಅಂತಹ ವಿನಿಮಯಕ್ಕೆ ಇಲ್ಲಿ ಎಡೆಯಿಲ್ಲ.