ನ್ಯಾಂಟ್‌ವಿಚ್‌ನ ಉಪ್ಪಿನ ಮನೆಗಳು

ಇಂಗ್ಲೆಂಡಿನ ಚೆಷೈರ್ ಪ್ರಾಂತ್ಯದ ನ್ಯಾಂಟ್‌ವಿಚ್ ಸಮುದ್ರದಿಂದ ದೂರದ ಪಟ್ಟಣ; ಆದರೂ ಮಧ್ಯಯುಗದಲ್ಲಿ ಅದು ಬಾಳಿದ್ದು ಉಪ್ಪಿನಿಂದಲೇ. ನೆಲದಾಳದ ಕಲ್ಲುಪ್ಪು ಕರಗಿ ವೀವರ್ ನದಿಯ ದಂಡೆಯಲ್ಲಿ ಉಪ್ಪುನೀರಾಗಿ ಉಕ್ಕುತ್ತಿತ್ತು. ಅಲ್ಲಿನ ಉಪ್ಪುನೀರಿನ ಬಾವಿಯನ್ನೂ, ರಾಜನಿಗೂ ಅರ್ಲ್ ಎಡ್ವಿನ್‌ಗೂ ಸೇರಿದ್ದ 8 ಉಪ್ಪಿನ ಮನೆಗಳನ್ನೂ 1086ರ ಡೂಮ್ಸ್‌ಡೇ ಎಂಬ ಭೂಸಮೀಕ್ಷೆಯ ದಾಖಲೆ ಹೆಸರಿಸುತ್ತದೆ.

ಪಟ್ಟಣದಲ್ಲಿ ನಡೆದ ಉತ್ಖನನದಲ್ಲಿ ಸಿಕ್ಕ ಅವಶೇಷಗಳಲ್ಲಿ ಅತ್ಯಂತ ಬೆರಗಿನದು ಉಪ್ಪುನೀರಿನ ಮರದ ತೊಟ್ಟಿ. ದೈತ್ಯ ಮರದ ಕಾಂಡವನ್ನು ದೋಣಿಯಂತೆ ಕೊರೆದು ಮಾಡಿದ್ದು. ಇಂದಿಗೂ ನ್ಯಾಂಟ್‌ವಿಚ್ ಸಂಗ್ರಹಾಲಯದಲ್ಲಿದೆ. ಉಪ್ಪಿನ ಮನೆಗಳಲ್ಲಿ ತೊಟ್ಟಿಯ ನೀರನ್ನು ಸೀಸದ ಬಾಣಲೆಗಳಿಗೆ ಸುರಿದು, ಕೆಳಗೆ ಸೌದೆ ಉರಿಸಿ ಇಂಗಿಸುತ್ತಿದ್ದರು. ಹರಳುಗಟ್ಟಿದ ಉಪ್ಪನ್ನು ಕಡ್ಡಿ ಹೆಣೆದ ಬುಟ್ಟಿಗಳಿಗೆ ತುಂಬಿ ನೀರು ಬಸಿಯುತ್ತಿದ್ದರು. ಸಾಮಾನ್ಯವಾಗಿ ಬೇಗ ಕೊಳೆತುಹೋಗುವ ಮರದ ಸಾಮಗ್ರಿ ಇಷ್ಟು ಶತಮಾನ ಉಳಿದದ್ದಕ್ಕೆ ಗಾಳಿಯಾಡದ, ಸದಾ ತೇವವಿರುವ ಅಲ್ಲಿನ ಮಣ್ಣೇ ಕಾರಣ.