ಕಾಣುವ ಹಾಡು

ತೊಗಲುಗೊಂಬೆಯಾಟವನ್ನು ನೋಡಿದವರಿಗೆ ಹಾಡನ್ನು ಕಣ್ಣಿಗೆ ಕಾಣಿಸುವ ಕಲೆ ಹೊಸದೆನಿಸದು. ಒಂದು ಬಿಳಿಯ ಪರದೆ, ಅದರ ಹಿಂದೆ ಒಂದು ದೀಪ, ಎರಡರ ನಡುವೆ ಬಣ್ಣ ಹಚ್ಚಿದ ತೊಗಲಿನ ಗೊಂಬೆಗಳು. ಗೊಂಬೆಯನ್ನು ಕುಣಿಸುವ ಮೇಳದವರೇ ಹಾಡುವರು, ಮಾತನಾಡುವರು, ತಾಳ ಹಾಕುವರು. ರಾಮನು ಬಿಲ್ಲೆತ್ತುವ ಗಳಿಗೆಯೂ ಹಾಡಿನ ನಡೆ ಬಿಗಿಯಾಗುವ ಗಳಿಗೆಯೂ ಒಂದೇ ಆಗಿರುತ್ತದೆ. ಯಕ್ಷಗಾನದಲ್ಲಿ ಇದೇ ಕೆಲಸವನ್ನು ಇಬ್ಬರು ಹಂಚಿಕೊಂಡಿದ್ದಾರೆ. ಹಾಡುವವನು ಭಾಗವತ, ಕುಣಿಯುವವನು ವೇಷಧಾರಿ. ಕಂಠ ಒಬ್ಬನದು, ಕಾಯ ಮತ್ತೊಬ್ಬನದು. ಆದರೂ ನೋಡುವವನ ಮನಸ್ಸಿನಲ್ಲಿ ಅವೆರಡೂ ಕೂಡಿಕೊಂಡು ಒಂದಾಗುತ್ತವೆ.

ಚಲನಚಿತ್ರವು ಈ ಜೋಡಣೆಯನ್ನು ಬಹಳ ಕಷ್ಟಪಟ್ಟು ಕಲಿಯಿತು. 1931ರಲ್ಲಿ ‘ಆಲಂ ಆರಾ’ ಭಾರತದ ಮೊದಲ ಮಾತಿನ ಚಿತ್ರವಾಗಿ ತೆರೆಗೆ ಬಂದಿತು. 1934ರಲ್ಲಿ ‘ಸತಿ ಸುಲೋಚನಾ’ ಕನ್ನಡವನ್ನು ಮಾತನಾಡಿಸಿತು. ಆ ದಿನಗಳಲ್ಲಿ ನಟನು ಕ್ಯಾಮೆರಾದ ಮುಂದೆ ನಿಂತು ತಾನೇ ಹಾಡಬೇಕಾಗಿತ್ತು. ಚೆನ್ನಾಗಿ ನಟಿಸುವವನಿಗೆ ಕಂಠವಿಲ್ಲ, ಕಂಠವುಳ್ಳವನಿಗೆ ನಟನೆ ಬಾರದು. ಈ ತೊಡಕನ್ನು ಬಿಡಿಸಿದ್ದು ಹಿನ್ನೆಲೆ ಗಾಯನ. ಕಲ್ಕತ್ತೆಯ ನ್ಯೂ ಥಿಯೇಟರ್ಸ್ ಸಂಸ್ಥೆಯು 1935ರಲ್ಲಿ ತಯಾರಿಸಿದ ‘ಧೂಪ್ ಛಾವೋಂ’ ಚಿತ್ರದಲ್ಲಿ ಹಾಡನ್ನು ಮೊದಲೇ ಮುದ್ರಿಸಿಕೊಂಡು, ಅದನ್ನು ನುಡಿಸುತ್ತ ನಟರಿಂದ ತುಟಿಯಾಡಿಸಿದರು. ಹೀಗೆ ಭಾಗವತ ಮತ್ತು ವೇಷಧಾರಿಯ ಹಳೆಯ ಪಾಲುದಾರಿಕೆಯೇ ಹೊಸ ಯಂತ್ರದಲ್ಲಿ ಮರಳಿ ಬಂದಂತಾಯಿತು. ಮುಂದೆ 1981ರಲ್ಲಿ ಅಮೆರಿಕದಲ್ಲಿ ಹಾಡಿನ ಚಿತ್ರಗಳಿಗೆಂದೇ ಎಂಟಿವಿ ಎಂಬ ದೂರದರ್ಶನ ವಾಹಿನಿಯು ಆರಂಭವಾಯಿತು. 2005ರಲ್ಲಿ ಯೂಟ್ಯೂಬ್ ಬಂದ ಮೇಲೆ ವಾಹಿನಿಯ ಅಗತ್ಯವೂ ಉಳಿಯಲಿಲ್ಲ. ಒಂದು ಕಾಲಕ್ಕೆ ದೊಡ್ಡ ಸ್ಟುಡಿಯೋಗಳ ಸೊತ್ತಾಗಿದ್ದ ಸಲಕರಣೆಗಳೆಲ್ಲ ಇಂದು ಒಂದು ಮೊಬೈಲ್ ಫೋನಿನಲ್ಲಿಯೂ ಶಾಲೆಯ ಒಂದು ಗಣಕಯಂತ್ರದಲ್ಲಿಯೂ ಅಡಗಿವೆ.

ಸಲಕರಣೆ ಕೈಗೆ ಬಂದ ಮಾತ್ರಕ್ಕೆ ಕೆಲಸ ಕೈಗೂಡುವುದಿಲ್ಲ. ಕರಾವಳಿಯ ಪ್ರೌಢಶಾಲೆಯೊಂದರ ಹತ್ತು ಹನ್ನೆರಡು ವಿದ್ಯಾರ್ಥಿಗಳು ಮೂರು ನಿಮಿಷದ ಹಾಡೊಂದನ್ನು ಚಿತ್ರಿಸಲು ಹೊರಟಿರುವರೆಂದು ಇಟ್ಟುಕೊಳ್ಳಬಹುದು. ಅವರ ಮೊದಲ ಪ್ರಶ್ನೆ ಕ್ಯಾಮೆರಾದ್ದಲ್ಲ. ಯಾವ ಹಾಡು ಎಂಬುದು. ಇಷ್ಟವಾದ ಹಾಡನ್ನೆಲ್ಲ ಎತ್ತಿಕೊಳ್ಳುವಂತಿಲ್ಲ. ಭಾರತದ 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಕವಿಯು ತೀರಿಕೊಂಡ ಮುಂದಿನ ವರ್ಷದಿಂದ ಎಣಿಸಿ 60 ವರ್ಷಗಳವರೆಗೆ ಕವಿತೆಯ ಹಕ್ಕು ಅವನ ವಾರಸುದಾರರದು. ಬೇಂದ್ರೆಯವರು 1981ರಲ್ಲಿ ತೀರಿಕೊಂಡರು. ಅವರ ಕವಿತೆಗಳ ಹಕ್ಕು 2041ರ ಕೊನೆಯವರೆಗೆ ಉಳಿಯುತ್ತದೆ. 1994ರಲ್ಲಿ ತೀರಿಕೊಂಡ ಕುವೆಂಪು ಅವರದು 2054ರವರೆಗೆ. ವಚನಗಳಿಗೆ ಈ ತಡೆಯಿಲ್ಲ; ಆದರೆ ಅವುಗಳಿಗೆ ಇತ್ತೀಚೆಗೆ ಹಾಕಿದ ರಾಗಸಂಯೋಜನೆಗೂ, ಗಾಯಕರು ಹಾಡಿದ ಧ್ವನಿಮುದ್ರಿಕೆಗೂ ಬೇರೆ ಬೇರೆ ಹಕ್ಕುಗಳುಂಟು. ಶಾಲೆಯ ಸಭೆಯಲ್ಲಿ ವಿದ್ಯಾರ್ಥಿಗಳು, ಅಧ್ಯಾಪಕರು ಮತ್ತು ಪೋಷಕರ ಮುಂದೆ ಹಾಡುವುದಕ್ಕೆ ಕಾಯಿದೆಯು ವಿನಾಯಿತಿ ಕೊಟ್ಟಿದೆ. ಅಂತರಜಾಲಕ್ಕೆ ಏರಿಸಿ ಲೋಕಕ್ಕೆಲ್ಲ ಕಾಣಿಸುವುದು ಆ ವಿನಾಯಿತಿಯೊಳಗೆ ಬರುವುದಿಲ್ಲ. ಇದನ್ನು ಕೇವಲ ಕಾನೂನಿನ ಮಾತೆಂದು ತಳ್ಳಿಹಾಕಬಾರದು. ಒಬ್ಬನು ಬೆವರು ಸುರಿಸಿ ಬೆಳೆದ ಪೈರನ್ನು ಕೇಳದೆ ಕೊಯ್ಯುವುದು ತಪ್ಪೆಂದು ತಿಳಿದವರು ಹಾಡಿನ ವಿಷಯದಲ್ಲಿಯೂ ಹಾಗೆಯೇ ತಿಳಿಯಬೇಕಾಗಿದೆ.

ಆ ವಿದ್ಯಾರ್ಥಿಗಳು ಪಂಜೆ ಮಂಗೇಶರಾಯರ ‘ತೆಂಕಣ ಗಾಳಿಯಾಟ’ವನ್ನು ಆರಿಸಿಕೊಂಡರೆ ಒಳ್ಳೆಯ ಆಯ್ಕೆಯೇ ಸರಿ. ‘ಕವಿಶಿಷ್ಯ’ನೆಂದು ಹೆಸರಿಟ್ಟುಕೊಂಡು ಬರೆದ ಪಂಜೆಯವರು ಬಂಟವಾಳದಲ್ಲಿ 1874ರಲ್ಲಿ ಹುಟ್ಟಿ 1937ರಲ್ಲಿ ತೀರಿಕೊಂಡರು. ಅವರ ಕವಿತೆ ಈಗ ನಾಡಿನ ಎಲ್ಲರ ಸೊತ್ತು. ರಾಗವನ್ನು ವಿದ್ಯಾರ್ಥಿಗಳೇ ಹೊಸದಾಗಿ ಹಾಕಿಕೊಂಡರೆ ಯಾರ ಅಪ್ಪಣೆಯೂ ಬೇಡ. ರಭಸದಿಂದ ಬೀಸಿ ಬರುವ ಗಾಳಿಯು ಆ ಕವಿತೆಯ ನಡೆಯಲ್ಲಿಯೇ ಇದೆ.

ಆದರೆ ಗಾಳಿಯನ್ನು ಚಿತ್ರಿಸುವುದು ಹೇಗೆ? ಗಾಳಿ ಕಣ್ಣಿಗೆ ಕಾಣದು. ಅದು ಮುಟ್ಟಿದ ವಸ್ತುಗಳು ಮಾತ್ರ ಕಾಣುತ್ತವೆ: ಬಾಗುವ ತೆಂಗಿನ ತಲೆ, ಹಗ್ಗದ ಮೇಲೆ ಹೊಡೆದಾಡುವ ಒದ್ದೆ ಬಟ್ಟೆ, ಅಂಗಳದಲ್ಲಿ ಓಡುವ ತರಗೆಲೆ, ಕೈಯನ್ನು ಮರೆಮಾಡಿ ಕಾಪಾಡಿದರೂ ನಡುಗುವ ದೀಪ. ಕವಿತೆಯು ‘ಮರ’ ಎಂದಾಗ ಮರವನ್ನೂ ‘ಅಲೆ’ ಎಂದಾಗ ಅಲೆಯನ್ನೂ ತೋರಿಸುತ್ತ ಹೋದರೆ ಅದು ಒಂದನೆಯ ತರಗತಿಯ ಚಿತ್ರಪಟವಾದೀತೇ ಹೊರತು ಹಾಡಿನ ಚಿತ್ರವಾಗದು. ಕೇಳಿದ್ದನ್ನೇ ಮತ್ತೆ ನೋಡುವುದರಿಂದ ಕೇಳುಗನ ಕಲ್ಪನೆಗೆ ಕೆಲಸವಿಲ್ಲದಂತಾಗುತ್ತದೆ. ಹಾಡಿನ ಚಿತ್ರದಲ್ಲಿ ಇರುವ ದೊಡ್ಡ ಅಪಾಯ ಇದೇ. ಕವಿತೆಯನ್ನು ಒಮ್ಮೆ ಚಿತ್ರದೊಡನೆ ನೋಡಿದವನಿಗೆ ಮುಂದೆ ಆ ಸಾಲು ಕಿವಿಗೆ ಬಿದ್ದಾಗಲೆಲ್ಲ ಆ ಚಿತ್ರವೇ ಎದ್ದು ನಿಲ್ಲುತ್ತದೆ. ತನ್ನದೇ ಆದ ಗಾಳಿಯನ್ನು ಅವನು ಮತ್ತೆ ಕಾಣಲಾರನು. ಆದುದರಿಂದ ಚಿತ್ರವು ಹಾಡಿನ ಪಕ್ಕದಲ್ಲಿ ನಡೆಯಬೇಕು, ಅದರ ಮೇಲೆ ಸವಾರಿ ಮಾಡಬಾರದು.

ಮೊದಲು ಧ್ವನಿ, ಆಮೇಲೆ ಚಿತ್ರ. ಈ ಕ್ರಮವನ್ನು ಬಿಟ್ಟವರು ಕೆಡುತ್ತಾರೆ. ಧ್ವನಿಯೆಂಬುದು ಗಾಳಿಯ ಕಂಪನ. ಡಿಜಿಟಲ್ ಯಂತ್ರವು ಆ ಕಂಪನವನ್ನು ಕ್ಷಣಕ್ಷಣಕ್ಕೂ ಅಳೆದು ಅಂಕಿಗಳಾಗಿ ಬರೆದಿಡುತ್ತದೆ. ಮನುಷ್ಯನ ಕಿವಿಯು ಸೆಕೆಂಡಿಗೆ ಸುಮಾರು 20ರಿಂದ 20,000 ಕಂಪನಗಳವರೆಗಿನ ಸ್ವರಗಳನ್ನು ಕೇಳಬಲ್ಲದು. ಒಂದು ಕಂಪನದ ಏರಿಳಿತವನ್ನು ಹಿಡಿಯಲು ಎರಡಕ್ಕಿಂತ ಹೆಚ್ಚು ಸಲ ಅಳೆಯಬೇಕು. ಈ ಕಾರಣದಿಂದಲೇ ಕಾಂಪ್ಯಾಕ್ಟ್ ಡಿಸ್ಕಿನಲ್ಲಿ ಸೆಕೆಂಡಿಗೆ 44,100 ಸಲವೂ, ಚಿತ್ರದ ಧ್ವನಿಯಲ್ಲಿ ಸಾಮಾನ್ಯವಾಗಿ 48,000 ಸಲವೂ ಅಳೆಯುವ ರೂಢಿ ಬಂದಿದೆ. ಮೂರು ನಿಮಿಷದ ಹಾಡಿಗೆ 86,40,000 ಅಳತೆಗಳು! ಅಳತೆಗೋಲಿಗೆ ಒಂದು ಮೇಲಿನ ಮಿತಿಯುಂಟು. ಗಾಯಕಿಯು ತಾರಸ್ಥಾಯಿಯಲ್ಲಿ ದನಿಯೆತ್ತಿದಾಗ ಆ ಮಿತಿಯನ್ನು ಮೀರಿದರೆ ಅಲೆಯ ನೆತ್ತಿ ಕತ್ತರಿಸಿದಂತಾಗಿ ದನಿಯು ಒಡೆದು ಕೇಳುತ್ತದೆ. ಹಳೆಯ ಟೇಪು ಇಂತಹ ಅತಿರೇಕವನ್ನು ಸ್ವಲ್ಪಮಟ್ಟಿಗೆ ಸಹಿಸಿಕೊಳ್ಳುತ್ತಿತ್ತು. ಅಂಕಿಗೆ ಆ ದಾಕ್ಷಿಣ್ಯವಿಲ್ಲ. ಕತ್ತರಿಸಿಹೋದ ನೆತ್ತಿಯನ್ನು ಮತ್ತೆ ಇದ್ದಂತೆಯೇ ಕೂಡಿಸುವುದು ಸಾಧ್ಯವಿಲ್ಲವಾದ ಕಾರಣ ಮುದ್ರಣದ ಮಟ್ಟವನ್ನು ಮೊದಲೇ ತಗ್ಗಿಸಿಟ್ಟುಕೊಳ್ಳುವುದು ಜಾಣತನ.

ಗಾಳಿಯ ಹಾಡನ್ನು ಗಾಳಿಯಲ್ಲಿ ಮುದ್ರಿಸಲಾಗದು ಎಂಬುದು ವಿನೋದವಾದರೂ ನಿಜ. ಬೀಸುವ ಗಾಳಿಯು ಮೈಕಿಗೆ ನೇರವಾಗಿ ತಾಗಿದರೆ ಗುಡುಗಿನಂತಹ ಸದ್ದಾಗಿ ಉಳಿದುದೆಲ್ಲ ಮುಳುಗಿಹೋಗುತ್ತದೆ. ಹಾಗೆಂದು ತರಗತಿಯ ಕೋಣೆಯೂ ಸುಖವಲ್ಲ. ಬರಿಯ ಗೋಡೆಗಳು ದನಿಯನ್ನು ಮರಳಿಸಿ ಕಳುಹಿಸುವುದರಿಂದ ಹಾಡು ಬಾವಿಯೊಳಗಿಂದ ಬಂದಂತೆ ಕೇಳುತ್ತದೆ. ಗೋಡೆಗೆ ಕಂಬಳಿಗಳನ್ನು ಇಳಿಬಿಟ್ಟು, ನೆಲಕ್ಕೆ ಜಮಖಾನ ಹಾಸಿ, ಬೀಸಣಿಗೆಯನ್ನು ನಿಲ್ಲಿಸಿ, ಮೈಕಿನಿಂದ ಒಂದು ಗೇಣು ದೂರದಲ್ಲಿ ನಿಂತು ಹಾಡಿದರೆ ಸಾಧಾರಣ ಫೋನಿನಲ್ಲಿಯೂ ದನಿಯು ಹದವಾಗಿ ದೊರೆಯುತ್ತದೆ. ನೂರಾರು ರೂಪಾಯಿಯ ಹೊಸ ಸಲಕರಣೆಗಿಂತ ಎರಡು ಹಳೆಯ ಕಂಬಳಿಗಳು ಇಲ್ಲಿ ಹೆಚ್ಚು ಉಪಕಾರಿ. ಮುದ್ರಿಸಿದ್ದನ್ನು ಕತ್ತರಿಸಿ ಜೋಡಿಸಲು ಅಡಾಸಿಟಿ ಎಂಬ ತಂತ್ರಾಂಶವು 2000ದಿಂದಲೂ ಉಚಿತವಾಗಿ ದೊರೆಯುತ್ತಿದೆ.

ಇಲ್ಲಿಯೇ ಒಂದು ಧರ್ಮಸಂಕಟವೂ ಎದುರಾಗುತ್ತದೆ. ಹಾಡುವ ಹುಡುಗಿಯು ಒಂದೆರಡು ಕಡೆ ಶ್ರುತಿಯಿಂದ ಕೊಂಚ ಜಾರಿದ್ದಾಳೆ. ಅದನ್ನು ಯಂತ್ರವೇ ತಿದ್ದಬಲ್ಲದು. ಭೂಗರ್ಭದಲ್ಲಿ ಎಣ್ಣೆಯನ್ನು ಹುಡುಕಲು ಕಂಪನಗಳ ಲೆಕ್ಕ ಹಾಕುತ್ತಿದ್ದ ಆಂಡಿ ಹಿಲ್ಡೆಬ್ರಾಂಡ್ ಎಂಬ ಎಂಜಿನಿಯರು ಅದೇ ಬಗೆಯ ಗಣಿತವನ್ನು ಕಂಠಕ್ಕೆ ಅನ್ವಯಿಸಿ 1997ರಲ್ಲಿ ‘ಆಟೋ-ಟ್ಯೂನ್’ ಎಂಬ ತಂತ್ರಾಂಶವನ್ನು ಹೊರತಂದನು. ಜಾರಿದ ಸ್ವರವನ್ನು ಅದು ಹತ್ತಿರದ ಸರಿಯಾದ ಸ್ವರಕ್ಕೆ ಎಳೆದು ಕೂರಿಸುತ್ತದೆ. ವ್ಯಾಪಾರದ ಹಾಡಿಗೆ ಅದು ಒಪ್ಪಬಹುದು. ಆದರೆ ನಮ್ಮ ಸಂಗೀತದಲ್ಲಿ ಗಮಕವೆಂಬುದೊಂದು ಇದೆ. ಸ್ವರವು ತನ್ನ ಸ್ಥಾನದ ಸುತ್ತ ತೂಗಾಡುವುದೇ ಅದರ ಸೊಗಸು. ತೂಗುವ ಸ್ವರವನ್ನೂ ಜಾರಿದ ಸ್ವರವನ್ನೂ ಯಂತ್ರವು ಬೇರೆಯೆಂದು ಅರಿಯದಿದ್ದರೆ ತಪ್ಪಿನೊಡನೆ ಸೊಗಸೂ ಅಳಿಸಿಹೋಗುತ್ತದೆ. ಇದಕ್ಕಿಂತ ಮುಖ್ಯವಾದ ಮಾತೊಂದುಂಟು. ಯಂತ್ರವು ತಿದ್ದಿದ ಹಾಡನ್ನು ಕೇಳಿ ಊರೆಲ್ಲ ಹೊಗಳಿದಾಗ ಆ ಹುಡುಗಿಗೆ ಆಗುವುದು ಸಂತೋಷವೋ, ಮುಜುಗರವೋ? ಇನ್ನೊಂದು ವಾರ ಸಾಧನೆ ಮಾಡಿಸಿ ಮತ್ತೊಮ್ಮೆ ಹಾಡಿಸಿದರೆ ಆ ಹಾಡು ಅವಳದಾಗಿಯೇ ಉಳಿಯುತ್ತದೆ. ಶಾಲೆಯಲ್ಲಿ ಆ ಒಂದು ವಾರದ ಬಿಡುವು ಇರಬೇಕು. ಬರಹದ ಆಜ್ಞೆಯಿಂದಲೇ ಚಿತ್ರಗಳನ್ನು ಹುಟ್ಟಿಸಿಕೊಡುವ ಈಚಿನ ಕೃತಕ ಬುದ್ಧಿಯ ಸಾಧನಗಳಿಗೂ ಇದೇ ಮಾತು ಸಲ್ಲುತ್ತದೆ. ಅವು ಕೊಡುವ ತೆಂಗಿನ ತೋಪು ಎಷ್ಟೇ ಸುಂದರವಾಗಿದ್ದರೂ ಊರಿನ ತೋಪಲ್ಲ.

ಧ್ವನಿ ಸಿದ್ಧವಾದ ಮೇಲೆ ಚಿತ್ರೀಕರಣ. ಹಾಡನ್ನು ಧ್ವನಿವರ್ಧಕದಲ್ಲಿ ನುಡಿಸುತ್ತ, ಮಕ್ಕಳು ಅದರೊಡನೆ ಹಾಡಬೇಕು. ಬರಿದೇ ತುಟಿಯಾಡಿಸಿದರೆ ಸಾಲದು. ಗಂಟಲಿನ ನರ ಬಿಗಿಯದ ಹಾಡು ಸುಳ್ಳೆಂದು ಕಣ್ಣು ಕೂಡಲೇ ಕಂಡುಹಿಡಿಯುತ್ತದೆ. ಇನ್ನೊಂದು ಎಚ್ಚರಿಕೆಯೂ ಬೇಕು. ದೂರದ ಹೊಳೆಯಲ್ಲಿ ಬಟ್ಟೆಯೊಗೆಯುವವನು ಕಲ್ಲಿಗೆ ಬಟ್ಟೆಯನ್ನು ಬಡಿದ ಮೇಲೆ ತುಸು ತಡೆದು ಸದ್ದು ಕೇಳಿಬರುವುದನ್ನು ಎಲ್ಲರೂ ಗಮನಿಸಿರುತ್ತಾರೆ. ಧ್ವನಿಯು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಮಾತ್ರ ಸಾಗುತ್ತದೆ. ಕಡಲ ತೀರದಲ್ಲಿ ಮಕ್ಕಳನ್ನು ಉದ್ದಕ್ಕೆ ಸಾಲಾಗಿ ನಿಲ್ಲಿಸಿ ಒಂದು ತುದಿಯಲ್ಲಿ ಧ್ವನಿವರ್ಧಕವನ್ನು ಇಟ್ಟರೆ, 34 ಮೀಟರ್ ಆಚೆಗಿರುವ ಕೊನೆಯ ಹುಡುಗನಿಗೆ ಹಾಡು ಸೆಕೆಂಡಿನ ಹತ್ತನೆಯ ಒಂದು ಭಾಗ ತಡವಾಗಿ ತಲುಪುತ್ತದೆ. ಸೆಕೆಂಡಿಗೆ 25 ಬಿಡಿಚಿತ್ರಗಳನ್ನು ತೆಗೆಯುವ ಕ್ಯಾಮೆರಾದಲ್ಲಿ ಅದು ಎರಡೂವರೆ ಬಿಡಿಚಿತ್ರಗಳಷ್ಟು ಅಂತರ. ಅವನ ತಪ್ಪಿಲ್ಲದೆಯೇ ಅವನು ತಾಳ ತಪ್ಪಿದವನಂತೆ ಕಾಣುವನು. ಸಾಲನ್ನು ಗುಂಪಾಗಿ ಒತ್ತಿ ನಿಲ್ಲಿಸುವುದೇ ಇದಕ್ಕೆ ಮದ್ದು.

ಪ್ರತಿಯೊಂದು ದೃಶ್ಯದ ಮೊದಲಲ್ಲಿ ಒಬ್ಬನು ಕ್ಯಾಮೆರಾದ ಮುಂದೆ ಒಮ್ಮೆ ಚಪ್ಪಾಳೆ ತಟ್ಟುವುದೂ ಉಪಯುಕ್ತ. ಕೈಗಳು ಕೂಡಿದ ಬಿಡಿಚಿತ್ರವನ್ನೂ ಸದ್ದಿನ ಮೊನಚನ್ನೂ ಒಂದರ ಮೇಲೊಂದು ಕೂಡಿಸಿದರೆ ಬೇರೆ ಯಂತ್ರದಲ್ಲಿ ಮುದ್ರಿಸಿದ ಧ್ವನಿಯೂ ಚಿತ್ರವೂ ಹೊಂದಿಕೊಳ್ಳುತ್ತವೆ. ಸಿನಿಮಾದವರ ಕ್ಲಾಪ್ ಬೋರ್ಡಿನ ಗುಟ್ಟು ಇಷ್ಟೇ. ದಡದಲ್ಲಿ ಬಲೆ ಸರಿಪಡಿಸುತ್ತಿರುವ ಮೀನುಗಾರರನ್ನು ಚಿತ್ರಿಸುವ ಮುನ್ನ ಅವರ ಬಳಿಗೆ ಹೋಗಿ, ಏಕೆ, ಎಲ್ಲಿ ತೋರಿಸಲಾಗುವುದೆಂದು ಹೇಳಿ ಒಪ್ಪಿಗೆ ಕೇಳಬೇಕು. ಅವರು ಒಲ್ಲೆವೆಂದರೆ ಕ್ಯಾಮೆರಾವನ್ನು ತಿರುಗಿಸಿಕೊಳ್ಳಬೇಕು.

ಸಂಕಲನವೆಂದರೆ ತೆಗೆದ ತುಣುಕುಗಳನ್ನು ಆರಿಸಿ ಪೋಣಿಸುವ ಕೆಲಸ. ಇದಕ್ಕೂ ಕೆಡೆನ್‌ಲೈವ್, ಶಾಟ್‌ಕಟ್ ಮೊದಲಾದ ಉಚಿತ ತಂತ್ರಾಂಶಗಳಿವೆ. ಪ್ರತಿ ತಾಳಕ್ಕೂ ಚಿತ್ರ ಬದಲಿಸುವ ಆಸೆ ಹೊಸಬರಿಗೆ ಸಹಜ. ಹಾಡು ನಿಮಿಷಕ್ಕೆ 120 ಎಣಿಕೆಯ ನಡೆಯಲ್ಲಿದ್ದರೆ ಒಂದು ಎಣಿಕೆಗೆ ಅರ್ಧ ಸೆಕೆಂಡು, ಎಂದರೆ ಹನ್ನೆರಡೂವರೆ ಬಿಡಿಚಿತ್ರಗಳು. ಅರ್ಧ ಬಿಡಿಚಿತ್ರವನ್ನು ಕತ್ತರಿಸಲು ಬಾರದು. ಆದಿತಾಳದ ಎಂಟು ಎಣಿಕೆಯ ಒಂದು ಆವರ್ತಕ್ಕೆ ನಾಲ್ಕು ಸೆಕೆಂಡು, ಸರಿಯಾಗಿ ನೂರು ಬಿಡಿಚಿತ್ರಗಳು. ಆವರ್ತದ ಮೊದಲ ಪೆಟ್ಟಿಗೆ ಚಿತ್ರ ಬದಲಾದರೆ ಲೆಕ್ಕವೂ ಕೂಡುತ್ತದೆ, ನೋಡುವ ಕಣ್ಣಿಗೂ ಉಸಿರಾಡಲು ಬಿಡುವು ಸಿಗುತ್ತದೆ.

ಕೊನೆಗೆ ಚಿತ್ರವನ್ನು ಕಡತವಾಗಿ ಕಟ್ಟುವಾಗ ಗಾಳಿಯು ಮತ್ತೊಮ್ಮೆ ತನ್ನ ಆಟ ತೋರಿಸುತ್ತದೆ. ಒಂದು ಬಿಡಿಚಿತ್ರದಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಬಿಂದುಗಳಿದ್ದರೆ ಒಟ್ಟು 20,73,600 ಬಿಂದುಗಳು. ಒಂದೊಂದಕ್ಕೂ ಕೆಂಪು, ಹಸಿರು, ನೀಲಿ ಎಂದು ಮೂರು ಬೈಟುಗಳಂತೆ ಬರೆಯುತ್ತ ಹೋದರೆ ಮೂರು ನಿಮಿಷದ ಹಾಡಿಗೆ ಸುಮಾರು 28 ಗಿಗಾಬೈಟುಗಳ ಜಾಗ ಬೇಕಾಗುತ್ತದೆ. ಅದಕ್ಕಾಗಿ ತಂತ್ರಾಂಶವು ಒಂದು ಉಪಾಯ ಮಾಡುತ್ತದೆ: ಹಿಂದಿನ ಬಿಡಿಚಿತ್ರಕ್ಕಿಂತ ಬದಲಾದ ಭಾಗವನ್ನು ಹೆಚ್ಚಾಗಿ ಬರೆದು, ಬದಲಾಗದ ಗೋಡೆ, ಆಕಾಶಗಳನ್ನು ಹಾಗೆಯೇ ಮುಂದುವರಿಸುತ್ತದೆ. ಆದರೆ ಬಿರುಗಾಳಿಗೆ ಸಿಕ್ಕಿದ ತೋಪಿನಲ್ಲಿ ಬದಲಾಗದ ಎಲೆಯೊಂದೂ ಇರುವುದಿಲ್ಲ. ಕಡಲಿನಲ್ಲಿ ಬದಲಾಗದ ಹನಿಯಿಲ್ಲ. ಕಡತವನ್ನು ಬಹಳ ಕುಗ್ಗಿಸಿದರೆ ಎಲೆಗಳೆಲ್ಲ ಕಲೆಸಿಹೋಗಿ ಹಸಿರು ಮುದ್ದೆಯಾಗುತ್ತವೆ. ಗಾಳಿಯ ದೃಶ್ಯಗಳಿರುವ ಹಾಡಿಗೆ ಕಡತವು ಕೊಂಚ ದೊಡ್ಡದಾಗಲು ಬಿಡುವುದೇ ಲೇಸು.

ಮೂಲ ತುಣುಕುಗಳ ಪ್ರತಿಗಳನ್ನು ಬೇರೆ ಬೇರೆ ಎರಡು ಮೂರು ಕಡೆ ಉಳಿಸಿಡಬೇಕು. ಹೆಸರುಗಳ ಪಟ್ಟಿಯಲ್ಲಿ ಮೊದಲು ಕವಿಯ ಹೆಸರು, ಬಳಿಕ ರಾಗ ಹಾಕಿದವರು, ಹಾಡಿದವರು, ಚಿತ್ರಿಸಿದವರು. ಬಲೆಯೊಡನೆ ನಿಲ್ಲಲು ಒಪ್ಪಿದ ಮೀನುಗಾರರೂ, ಮಳೆಗಾಲದಲ್ಲಿ ತಮ್ಮ ಮನೆಯ ಕಂಬಳಿಗಳನ್ನು ಬಿಟ್ಟುಕೊಟ್ಟವರೂ ಅದೇ ಪಟ್ಟಿಯಲ್ಲಿ, ಅದೇ ಗಾತ್ರದ ಅಕ್ಷರಗಳಲ್ಲಿ ಇರತಕ್ಕದ್ದು.